ಮುತ್ಯಾ ಅಲ್ಲಿ ಕುಂತಾನ

ಮೂರು ವರ್ಷದ ಕೂಸು ಪಡಸಾಲೆಯ ಮೂಲೆಗೆ ಬೆರಳು ತೋರಿ "ಮುತ್ಯಾ ಅಲ್ಲಿ ಕುಂತಾನ" ಅಂದರೆ ಸಾಕು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಮುತ್ಯಾ ತೀರಿಕೊಂಡು ಇನ್ನೂ ತಿಂಗಳಾಗಿರುವುದಿಲ್ಲ. ಆಯಿ ಆ ಮೂಲೆಗೆ ಕೈ ಮುಗಿಯುತ್ತಾಳೆ. ಸೊಸೆ ಕೂಸನ್ನು ಎತ್ತಿಕೊಂಡು ಸರಸರ ಒಳಗೆ ಹೋಗುತ್ತಾಳೆ. ಬಾಜೂ ಮನೆಯವರು ಬಂದು "ಗಾಳಿ ಸೋಕ್ಯಾದ, ಮೊದಲ ನದರ ತೆಗೀರಿ" ಅನ್ನುತ್ತಾರೆ. ಹೊತ್ತು ಮುಳುಗುವುದರೊಳಗೆ ಸುದ್ದಿ ಓಣಿಯ ಕಟ್ಟೆ ಮುಟ್ಟಿರುತ್ತದೆ. ಆ ಮೂಲೆಯಲ್ಲೇ ಮುತ್ಯಾನ ಫೋಟೊ ಇದೆ, ಅದರ ಮುಂದೆ ದೀಪ ಉರಿಯುತ್ತಿದೆ, ಮಾತಾಡಿಸಲು ಬಂದವರೆಲ್ಲ ಅತ್ತ ನೋಡಿಯೇ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಇದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಇಂಥದೊಂದು ಸಂಗತಿ ಹೇಳದ ಮನೆತನ ಅಪರೂಪ. ಹಿಂದೂ ಮುಸ್ಲಿಂ ಎನ್ನದೆ, ಊರು ತಾಂಡಾ ಎನ್ನದೆ ಎಲ್ಲ ಕಡೆಯೂ ಇರುವ ನಂಬಿಕೆ ಒಂದೇ: ಸಣ್ಣ ಮಕ್ಕಳ ಕಣ್ಣಿಗೆ ದೊಡ್ಡವರಿಗೆ ಕಾಣದ್ದು ಕಾಣುತ್ತದೆ. ಕಾಣುತ್ತದೆಯೇ? ನನ್ನ ಉತ್ತರ ಇಲ್ಲ ಎಂದೇ. ಆದರೆ ಇಲ್ಲ ಎಂದು ಹೇಳಿ ಎದ್ದುಹೋಗುವವರಿಗೆ ಅರ್ಧ ಸಂಗತಿಯಷ್ಟೇ ಸಿಗುತ್ತದೆ. ಕೂಸು ಹಾಗೇಕೆ ಅಂದಿತು, ಅಂದದ್ದನ್ನು ದೊಡ್ಡವರು ಅಷ್ಟು ಬೇಗ ಏಕೆ ನಂಬಿದರು ಎಂಬುದನ್ನು ಬಿಡಿಸಿ ನೋಡಿದರೆ ಈ ನೆಲದ ದುಡಿಮೆ, ಗುಳೆ, ಸಾವು, ಹೆಸರಿಡುವ ರೂಢಿ ಎಲ್ಲವೂ ಅದರೊಳಗೆ ಹೆಣೆದುಕೊಂಡಿರುವುದು ಕಾಣುತ್ತದೆ.

ಮಲಗಿಸುತ್ತಿದ್ದವಳು ಹೋದಾಗ

ತೊಗರಿ ಬೆಳೆಯುವ ಈ ನೆಲದಲ್ಲಿ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷ, ಇಲ್ಲವೇ ರಾಶಿ ಮುಗಿದ ಮೇಲೆ, ಚಿಂಚೋಳಿ ಕಡೆಯ ತಾಂಡಾಗಳಿಂದಲೂ ಊರಿನ ಕೇರಿಗಳಿಂದಲೂ ಗಂಡ ಹೆಂಡಿರು ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಶಹಾಬಾದ್ ಸುತ್ತಿನ ಕಲ್ಲಿನ ಖಣಿಗೆ ಇಳಿದವರು ಹೊತ್ತು ಮುಳುಗುವಾಗ ಮನೆ ಸೇರುತ್ತಾರೆ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಪಾಳಿಯೇ ದಿನಚರಿ. ಕೂಸು ಉಳಿಯುವುದು ಆಯಿ ಮುತ್ಯಾರ ಹತ್ತಿರ. ಉಣಿಸುವವಳು, ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುವವಳು, ಜ್ವರ ಬಂದರೆ ಹಣೆಗೆ ತಣ್ಣೀರ ಪಟ್ಟಿ ಹಾಕುವವಳು ಆಯಿ. ದೊಡ್ಡ ಶಹರದಲ್ಲಿ ಬೆಳೆದ ಮಗುವಿಗೆ ಅಜ್ಜಿಯೆಂದರೆ ಬಹಳ ಸಲ ಸೂಟಿಯಲ್ಲಿ ಸಿಗುವ ಒಬ್ಬಳು. ಇಲ್ಲಿಯ ಕೂಸಿಗೆ ಆಯಿ ಹೋದಳೆಂದರೆ ತಾಯಿ ಹೋದ ಹಾಗೆಯೇ. ಸುದ್ದಿ ಕೇಳಿ ಪುಣೆಯಿಂದ ಓಡಿಬಂದ ಹೆತ್ತ ತಾಯಿ ಅದರ ಪಾಲಿಗೆ ಅರೆಗುರುತಿನವಳು. ಅಂಥ ಕೂಸು ನಡುರಾತ್ರಿ ಎದ್ದು ಬಾಗಿಲ ಕಡೆ ನೋಡುತ್ತಾ "ಆಯೀ" ಎಂದು ಕರೆದರೆ ಅದು ಯಾವ ದೆವ್ವವನ್ನೂ ಕರೆಯುತ್ತಿಲ್ಲ. ದಿನಾ ಆ ಹೊತ್ತಿಗೆ ಎದ್ದು ಹೊದಿಕೆ ಹೊದಿಸುತ್ತಿದ್ದವಳನ್ನು ಕರೆಯುತ್ತಿದೆ.

ಇನ್ನು ಆ ವಯಸ್ಸಿಗೆ ಸಾವೆಂದರೆ ಏನು? ಮಾರಿಯಾ ನಾಗಿ ಎಂಬ ಸಂಶೋಧಕಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ 3ರಿಂದ 10 ವರ್ಷದ 378 ಮಕ್ಕಳ ಮಾತು, ಚಿತ್ರ, ಬರಹಗಳನ್ನು ಕೂಡಿಹಾಕಿ 1948ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಐದು ತುಂಬದ ಮಕ್ಕಳಿಗೆ ಸಾವು ಒಂದು ಪಯಣ, ಒಂದು ದೀರ್ಘ ನಿದ್ದೆ. ಹೋದವರು ಬೇರೆಲ್ಲೋ ಇದ್ದಾರೆ, ಅಲ್ಲಿಯೂ ಉಣ್ಣುತ್ತಾರೆ, ಉಸಿರಾಡುತ್ತಾರೆ. ಎಲ್ಲರಿಗೂ ಬರುವ, ಬಂದರೆ ಮರಳದ ಸಂಗತಿ ಅದೆಂದು ಮಕ್ಕಳಿಗೆ ಹೊಳೆಯುವುದು ಒಂಬತ್ತರ ಸುಮಾರಿಗೆ ಎಂದರು ನಾಗಿ. ಆಮೇಲೆ ಬಂದವರು ಅದನ್ನು ತಿದ್ದಿ ಐದರಿಂದ ಏಳು ವರ್ಷದೊಳಗೇ ಬಹಳಷ್ಟು ಮಕ್ಕಳಿಗೆ ತಿಳಿಯುತ್ತದೆ ಎಂದು ತೋರಿಸಿದ್ದಾರೆ. ಅದೇನೇ ಇದ್ದರೂ ಮೂರರ ಕೂಸಿಗೆ ಅದು ತಿಳಿಯದು ಎಂಬುದರಲ್ಲಿ ತಕರಾರಿಲ್ಲ.

ನಾವಾದರೂ ಅದಕ್ಕೆ ಏನು ಹೇಳುತ್ತೇವೆ? "ಮುತ್ಯಾ ಊರಿಗೆ ಹೋಗ್ಯಾನ." "ದೇವರ ಮನಿಗೆ ಹೋಗ್ಯಾನ." "ಮಕ್ಕೊಂಡಾನ, ಎಬ್ಬಿಸಬ್ಯಾಡ." ಮುಂಬೈಗೆ ಹೋದ ಅಪ್ಪ ಉಗಾದಿಗೆ ಬಂದೇ ಬಂದನಲ್ಲ, ಊರಿಗೆ ಹೋದ ಮುತ್ಯಾ ಏಕೆ ಬರಬಾರದು? ಮಕ್ಕೊಂಡವನು ಏಕೆ ಏಳಬಾರದು? ಗುಳೆ ಹೋಗುವ ಸೀಮೆಯ ಮಗುವಿಗೆ ಹೋಗುವುದೆಂದರೆ ತಿರುಗಿ ಬರುವುದೇ. ಕಾದು ಕುಳಿತ ಕೂಸು ಒಂದು ದಿನ "ಬಂದಾನ" ಅಂದರೆ ತಪ್ಪು ಅದರದ್ದಲ್ಲ.

ಲಿಂಗಾಯತರ ಮನೆಗಳಲ್ಲಿ ಇನ್ನೊಂದು ಸಂಗತಿ ಇದೆ. ತೀರಿಕೊಂಡವರನ್ನು ಅಲ್ಲಿ ಅಡ್ಡ ಮಲಗಿಸುವುದಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆತುಂಬ ವಿಭೂತಿ ಬಳಿಯುತ್ತಾರೆ, ಹೂವು ಹಾಕುತ್ತಾರೆ, ರಾತ್ರಿಯಿಡೀ ಭಜನೆ ನಡೆಯುತ್ತದೆ, ಮರುದಿನ ಕೂತ ಭಂಗಿಯಲ್ಲೇ ಮೆರವಣಿಗೆ ಮಾಡಿ ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಕೂಸು ಮುತ್ಯಾನನ್ನು ಕೊನೆಯ ಸಲ ನೋಡಿದ್ದು ಹಾಗೆ: ಆ ಮೂಲೆಯಲ್ಲಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕುಳಿತವನನ್ನು. "ಮುತ್ಯಾ ಅಲ್ಲಿ ಕುಂತಾನ" ಎಂಬ ಮಾತಿಗೆ ಬೇರೆ ಲೋಕದ ಸಾಕ್ಷಿ ಏಕೆ ಬೇಕೋ ನನಗೆ ತಿಳಿಯದು. ಕೂಸಿನ ನೆನಪು ಸರಿಯಾಗಿಯೇ ಇದೆ. ಆಗಿನದು, ಈಗಿನದು ಎಂದು ಕಾಲ ಬಿಡಿಸಿ ಹೇಳುವುದಷ್ಟೇ ಅದಕ್ಕೆ ಇನ್ನೂ ಬಂದಿಲ್ಲ.

ಮಳಖೇಡದಲ್ಲಿ ಬರೆದ ಕಥೆ

ಸತ್ತ ಹಿರಿಯರು ಮನೆಯ ಮಕ್ಕಳ ಮೂಲಕ ಮರಳುತ್ತಾರೆಂಬ ಎಣಿಕೆ ಈ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, 10ನೇ ಶತಮಾನದಲ್ಲಿ, ಪುಷ್ಪದಂತನೆಂಬ ಕವಿ ಅಲ್ಲಿದ್ದು ಅಪಭ್ರಂಶ ಭಾಷೆಯಲ್ಲಿ 'ಜಸಹರಚರಿಉ' ಬರೆದ. ಕನ್ನಡದ ಓದುಗರಿಗೆ ಇದೇ ಕಥೆ ಜನ್ನ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯಿಂದ ಗೊತ್ತು. ಯಶೋಧರ ರಾಜ, ಅವನ ತಾಯಿ ಚಂದ್ರಮತಿ. ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟ ಸಂಕಲ್ಪದ ಪಾಪಕ್ಕೆ ಇಬ್ಬರೂ ನವಿಲು, ನಾಯಿ ಮೊದಲಾಗಿ ಪ್ರಾಣಿಗಳ ಜನ್ಮ ಸುತ್ತುತ್ತಾರೆ. ಕೊನೆಗೆ ಹುಟ್ಟುವುದೆಲ್ಲಿ? ಯಶೋಧರನ ಮಗ ಯಶೋಮತಿಯ ಮನೆಯಲ್ಲೇ, ಅವನ ಅವಳಿ ಮಕ್ಕಳಾಗಿ. ಅಪ್ಪನೇ ಮಗನಾದ, ಅಜ್ಜಿಯೇ ಮಗಳಾದಳು. ಅಭಯರುಚಿ, ಅಭಯಮತಿ ಎಂಬ ಆ ಎಳೆಯರನ್ನು ಮಾರಿದತ್ತ ರಾಜ ಚಂಡಮಾರಿಗೆ ಬಲಿಕೊಡಲು ಹಿಡಿತರಿಸಿದಾಗ ಅವರು ಹೆದರದೆ ತಮ್ಮ ಹಿಂದಿನ ಜನ್ಮಗಳನ್ನೆಲ್ಲ ಹೇಳುತ್ತಾರೆ. ರಾಜ ಕತ್ತಿ ಕೆಳಗಿಡುತ್ತಾನೆ.

ಜೈನಕವಿಗೆ ಇದು ಅಹಿಂಸೆಯ ಕಥೆ. ನನಗೆ ಮಾತ್ರ ಅದರಲ್ಲಿ ಇನ್ನೊಂದು ಕಾಣುತ್ತದೆ. ಸತ್ತವರ ನೆನಪು ಮಕ್ಕಳ ಬಾಯಿಂದ ಬಂದರೆ ಕತ್ತಿ ಹಿಡಿದವನೂ ಕೇಳಿಸಿಕೊಳ್ಳುತ್ತಾನೆ ಎಂಬುದು ಸಾವಿರ ವರ್ಷದ ಹಿಂದಿನ ಕವಿಗೂ ಗೊತ್ತಿತ್ತು. ಅದೇ ಮಾತನ್ನು ಒಬ್ಬ ಮುದುಕ ಹೇಳಿದ್ದರೆ ಮಾರಿದತ್ತ ನಂಬುತ್ತಿದ್ದನೋ ಇಲ್ಲವೋ.

ಆ ಎಣಿಕೆ ಈಗಲೂ ತೊಟ್ಟಿಲ ಕಾರ್ಯದಲ್ಲಿ ಜೀವಂತವಾಗಿದೆ. ಮುತ್ಯಾ ಸತ್ತ ವರ್ಷವೋ ಮರುವರ್ಷವೋ ಮನೆಯಲ್ಲಿ ಗಂಡು ಹುಟ್ಟಿದರೆ ಬೇರೆ ಹೆಸರು ಹುಡುಕುವ ಮಾತೇ ಇಲ್ಲ. "ಮುತ್ಯಾ ಹುಟ್ಟಿ ಬಂದಾನ." ಮಾವನ ಹೆಸರು ಹಿಡಿದು ಕರೆಯಬಾರದ ಸೊಸೆ ತನ್ನ ಹೊಟ್ಟೆಯ ಮಗನನ್ನೇ "ಮುತ್ಯಾ, ಬಾರಪ್ಪ" ಎಂದು ಕರೆಯುತ್ತಾಳೆ, ಬೈಯುವಾಗ ತಡವರಿಸುತ್ತಾಳೆ. ಲಿಂಗೈಕ್ಯನಾದವನಿಗೆ ಮರುಹುಟ್ಟಿಲ್ಲ, ಸೂತಕವಿಲ್ಲ ಎನ್ನುವುದು ಶರಣರ ಮಾರ್ಗ. ಆ ಮಾರ್ಗದವರ ಮನೆಯಲ್ಲೂ ಮುತ್ಯಾ ಹುಟ್ಟಿ ಬರುತ್ತಾನೆ. ಮುಸ್ಲಿಂ ಮನೆಗಳಲ್ಲಿ ಮರುಹುಟ್ಟಿನ ಮಾತಿಲ್ಲ, ಆದರೂ ನಲವತ್ತನೇ ದಿನದ ಫಾತಿಹಾ ಆಗುವ ತನಕ ಮನೆಯ ಮಕ್ಕಳನ್ನು ಒಂಟಿಯಾಗಿ ಬಿಡಲು ಹಿಂಜರಿಯುವ ಅಜ್ಜಿಯರಿದ್ದಾರೆ. ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಗೆ ತೀರಿದ ಹಿರಿಯರ ಹೆಸರು ಹಿಡಿದು ಕೆಂಡಕ್ಕೆ ಸಿಹಿ ಹಾಕುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತವೆ. ಧರ್ಮಗ್ರಂಥಗಳು ಏನಾದರೂ ಹೇಳಲಿ, ಸತ್ತವರನ್ನು ಒಮ್ಮೆಗೇ ಕಳಿಸಿಕೊಡಲು ಯಾರ ಮನಸ್ಸೂ ಒಪ್ಪುವುದಿಲ್ಲ.

ಹಾಗೆ ಹೆಸರು ಹೊತ್ತ ಮಗು ಏನನ್ನು ಕೇಳುತ್ತಾ ಬೆಳೆಯುತ್ತದೆ? ಇದು ನಿನ್ನ ಕುರ್ಚಿ. ನೀ ಹಿಂಗೇ ಕೂತು ಎಲಿ ಅಡಕಿ ತಿಂತಿದ್ದಿ. ನಿನಗ ಖಾರ ಅಂದ್ರ ಪ್ರೀತಿ. ದಿನಕ್ಕೆ ಹತ್ತು ಸಲ ಇದನ್ನು ಕೇಳಿದ ಮಗು ಒಂದು ದಿನ ನೆಂಟರ ಮುಂದೆ "ಈ ಕುರ್ಚಿ ನಂದು, ನಾ ಸತ್ತಾಗ ಇಲ್ಲೇ ಇತ್ತು" ಅನ್ನುತ್ತದೆ. ನೆಂಟರು ಮೂಗಿನ ಮೇಲೆ ಬೆರಳಿಡುತ್ತಾರೆ. ಹೇಳಿಕೊಟ್ಟವರಿಗೆ ತಾವು ಹೇಳಿಕೊಟ್ಟದ್ದು ನೆನಪಿರುವುದಿಲ್ಲ. ಅಲ್ಲಿ ಯಾರೂ ಮೋಸ ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಬೆಂಗಳೂರಿನಲ್ಲಿ ಕುಳಿತು ಉತ್ತರಕ್ಕೆ ಹೊರಟವರು

ಮಕ್ಕಳ ಇಂಥ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಜೀವನವಿಡೀ ಹುಡುಕಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್. 1961ರಲ್ಲಿ ಮೊದಲ ಸಲ ಭಾರತಕ್ಕೆ ಬಂದ ಅವರು 2007ರಲ್ಲಿ ತೀರಿಕೊಳ್ಳುವವರೆಗೆ ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಸಾವಿರಾರು ಪ್ರಕರಣ ದಾಖಲಿಸಿದರು. ನಮ್ಮಲ್ಲಿ ಆ ಕೆಲಸ ಮುಂದುವರಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ. ಅವರ ಪುಸ್ತಕ 1990ರಲ್ಲಿ ಬಂತು. ಕುತೂಹಲವೆಂದರೆ, ಕರ್ನಾಟಕದ ರಾಜಧಾನಿಯಲ್ಲಿದ್ದ ಈ ಸಂಶೋಧಕಿಗೆ ಪ್ರಕರಣಗಳು ಸಿಕ್ಕಿದ್ದು ಬಹುತೇಕ ಉತ್ತರ ಭಾರತದಲ್ಲಿ. ದಕ್ಷಿಣದಿಂದ ಇಷ್ಟು ಕಡಿಮೆ ವರದಿಗಳೇಕೆ ಎಂದು ಕೇಳಿಕೊಂಡು 2001ರಲ್ಲಿ ಒಂದು ಪ್ರಬಂಧವನ್ನೇ ಅವರು ಬರೆದರು.

ನನಗೆ ತೋಚುವ ಕಾರಣ ಇದು. ಉತ್ತರದಲ್ಲಿ ದೊಡ್ಡ ಸುದ್ದಿಯಾದ ಕಥೆಗಳಲ್ಲಿ ಮಗು ಬೇರೊಂದು ಊರಿನ, ಗುರುತಿಲ್ಲದ ಮನೆಯ ಹೆಸರು ಹೇಳುತ್ತದೆ. 1930ರ ದಶಕದ ದೆಹಲಿಯ ಹುಡುಗಿ ಶಾಂತಿದೇವಿ ಹೇಳಿದ್ದು ಮಥುರೆಯ ಮನೆ. ಅದಕ್ಕೆ ಪತ್ರಕರ್ತರು ಬರುತ್ತಾರೆ, ಸಮಿತಿ ಕೂರುತ್ತದೆ. ನಮ್ಮ ಕಡೆ ಮುತ್ಯಾ ಹುಟ್ಟಿ ಬರುವುದು ತನ್ನ ಮನೆಗೇ. ಮನೆಯ ಮಾತು ಮನೆಯಲ್ಲೇ ಮುಗಿಯುತ್ತದೆ, ಅದನ್ನು ಪ್ರಕರಣವೆಂದು ದಾಖಲಿಸುವವರು ಯಾರು? ಅಲಾಸ್ಕಾದ ಟ್ಲಿಂಗಿಟ್ ಜನ, ನೈಜೀರಿಯಾದ ಇಗ್ಬೊ ಜನರಲ್ಲೂ ಸತ್ತವರು ಸ್ವಂತ ಕುಟುಂಬದಲ್ಲೇ ಹುಟ್ಟುತ್ತಾರೆಂಬ ನಂಬಿಕೆ ಇದ್ದು, ಅಲ್ಲಿಯ ಮಕ್ಕಳು ಹೇಳುವುದೂ ಸ್ವಂತ ಕುಟುಂಬದವರ ಹೆಸರನ್ನೇ ಎಂದು ಸ್ಟೀವನ್‌ಸನ್ ಅವರೇ ಬರೆದಿದ್ದಾರೆ. ಊರಿನ ನಂಬಿಕೆ ಹೇಗೋ ಮಕ್ಕಳ ನೆನಪು ಹಾಗೆ. ಸತ್ತವರು ನಿಜವಾಗಿಯೂ ಬರುವುದಾದರೆ ಅವರು ಆಯಾ ಜನಾಂಗದ ರೂಢಿಗೆ ತಕ್ಕಂತೆ ಶಿಸ್ತಾಗಿ ಬರುತ್ತಾರೆ ಎಂದಾಯಿತು.

ಇನ್ನೊಂದು ಅಂಶ ವಯಸ್ಸಿನದು. ಸ್ಟೀವನ್‌ಸನ್ ಅವರ ದಾಖಲೆಗಳ ಮಕ್ಕಳು ಎರಡರಿಂದ ಐದು ವರ್ಷದೊಳಗೆ ಮಾತು ಶುರುಮಾಡಿ ಐದರಿಂದ ಎಂಟರೊಳಗೆ ನಿಲ್ಲಿಸಿಬಿಡುತ್ತಾರೆ. ಯಾರಿಗೂ ಕಾಣದ ಗೆಳೆಯರನ್ನು ಕಟ್ಟಿಕೊಂಡು ಆಡುವ ವಯಸ್ಸೂ ಅದೇ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಏಳು ತುಂಬುವುದರೊಳಗೆ ಸುಮಾರು ಶೇಕಡ 65 ಮಕ್ಕಳಿಗೆ ಅಂಥ ಗೆಳೆಯನೊಬ್ಬ ಒಂದಲ್ಲ ಒಂದು ಹೊತ್ತಿನಲ್ಲಿ ಇದ್ದೇ ಇರುತ್ತಾನೆ. ಬಹಳಷ್ಟು ಮಕ್ಕಳಿಗೆ ಅವನು ನಿಜವಲ್ಲ ಎಂದೂ ಗೊತ್ತು. ವಿಚಾರಿಸಲು ಕುಳಿತ ದೊಡ್ಡವರು ಗಂಭೀರವಾಗಿ ಬರೆದುಕೊಳ್ಳುವುದನ್ನು ಕಂಡು, ಇದು ಬರೀ ಆಟ ಎಂದು ನೆನಪಿಸಿದ ಮಕ್ಕಳೂ ಉಂಟು. ನಮ್ಮ ಮನೆಯಲ್ಲಿ ಆ ಆಟದ ಗೆಳೆಯನಿಗೆ ಮುತ್ಯಾನ ಹೆಸರು ಬಿದ್ದರೆ ಆಟ ಅಲ್ಲಿಗೆ ಮುಗಿಯಿತು, ಮುಂದೆ ನಡೆಯುವುದೆಲ್ಲ ದೊಡ್ಡವರ ಕಾರುಬಾರು.

ಕೇಳಿ ಕೇಳಿ ಕಾಣಿಸುವುದು

ಕಾರುಬಾರು ಹೇಗೆ ನಡೆಯುತ್ತದೆ? ಕೂಸು ಮೊದಲು ಹೇಳಿದ್ದು "ಮುತ್ಯಾ" ಎಂಬ ಒಂದೇ ಮಾತಿರಬಹುದು. "ಎಲ್ಲಿ ಕುಂತಾನ?" ಎಂದು ಆಯಿ ಕೇಳುತ್ತಾಳೆ. ಬೆರಳು ಎಲ್ಲೋ ಏಳುತ್ತದೆ. "ಬಿಳಿ ಧೋತರ ಉಟ್ಟಾನೇನು?" ತಲೆಯಾಡಿಸುತ್ತದೆ. "ನಕ್ಕೋತ ಕುಂತಾನೋ, ಸಿಟ್ಟಾಗ್ಯಾನೋ?" ನಕ್ಕೋತ. ಸಂಜೆ ಸೋದರತ್ತೆ ಬಂದಾಗ ಕೂಸೇ ಹೇಳುತ್ತದೆ: ಮುತ್ಯಾ ಬಂದಿದ್ದ, ಬಿಳಿ ಧೋತರ ಉಟ್ಟಿದ್ದ, ನಕ್ಕ.

ಸ್ಟೀಫನ್ ಸೆಸಿ, ಮ್ಯಾಗಿ ಬ್ರಕ್ ಎಂಬ ಸಂಶೋಧಕರ ಹೆಸರು ಈ ವಿಷಯದಲ್ಲಿ ಮುಖ್ಯ. 1990ರ ದಶಕದಲ್ಲಿ ಸೆಸಿ ತಂಡ ಶಾಲೆ ಸೇರದ ಮಕ್ಕಳನ್ನು ವಾರಕ್ಕೊಮ್ಮೆಯಂತೆ ಮತ್ತೆ ಮತ್ತೆ ಕೂರಿಸಿ, ನಡೆದೇ ಇರದ ಘಟನೆಯ ಬಗ್ಗೆ ಕೇಳಿತು: ನಿನ್ನ ಬೆರಳು ಇಲಿಬೋನಿಗೆ ಸಿಕ್ಕು ಆಸ್ಪತ್ರೆಗೆ ಹೋಗಿದ್ದೆಯಾ? ಮೊದಲ ವಾರಗಳಲ್ಲಿ ಇಲ್ಲ ಅಂದವರೂ ಇದ್ದರು. ಹತ್ತು ವಾರ ಕಳೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡೆಯದ ಒಂದಾದರೂ ಘಟನೆಯನ್ನು ನಡೆದಿದೆಯೆಂದು ವಿವರವಾಗಿ ಹೇಳತೊಡಗಿದ್ದರು. ಅಣ್ಣ ದೂಡಿದ್ದು, ಬೆರಳು ಸಿಕ್ಕಿದ್ದು, ಯಾವ ಬೆರಳು ಎಂಬುದು, ಆಸ್ಪತ್ರೆಗೆ ಹೋದದ್ದು ಎಲ್ಲ ಇತ್ತು. ಆ ವಿಡಿಯೊಗಳನ್ನು ಮಕ್ಕಳ ತಜ್ಞರಿಗೆ ತೋರಿಸಿದರೆ ಯಾವುದು ನಡೆದದ್ದು, ಯಾವುದು ನಡೆಯದ್ದು ಎಂದು ಅವರಿಗೂ ಹೇಳಲಾಗಲಿಲ್ಲ. "ಕೂಸು ಸುಳ್ಳ ಹೇಳಂಗಿಲ್ಲ" ಎನ್ನುವ ನಮ್ಮ ಮಾತು ನಿಜವೇ. ಆದರೆ ಸುಳ್ಳಾಡದ ಬಾಯಿಂದಲೂ ಆಗದ ಸಂಗತಿ ಬರಬಹುದು.

ಇದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಮಡಗಾಸ್ಕರ್‌ನಿಂದ ಬಂದ ಒಂದು ಅಧ್ಯಯನ. ಅಲ್ಲಿಯ ವೆಜೊ ಮೀನುಗಾರರು ತೀರಿಕೊಂಡ ಹಿರಿಯರನ್ನು ನಮ್ಮಷ್ಟೇ, ಬಹುಶಃ ನಮಗಿಂತ ಹೆಚ್ಚಾಗಿ, ನಂಬುವವರು. ರೀಟಾ ಅಸ್ತೂತಿ ಮತ್ತು ಪಾಲ್ ಹ್ಯಾರಿಸ್ ಎಂಬ ಸಂಶೋಧಕರು ಆ ಮೀನುಗಾರರನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ್ದು ಹೀಗಿದೆ: ಸತ್ತವರ ಮನಸ್ಸು ಉಳಿಯುತ್ತದೆ, ಅವರು ನೋಡುತ್ತಾರೆ, ಕೇಳುತ್ತಾರೆ ಎಂದವರು ಹೆಚ್ಚಾಗಿ ದೊಡ್ಡವರು. ಏಳು ವರ್ಷದ ಆಸುಪಾಸಿನ ಮಕ್ಕಳು ಸತ್ತಮೇಲೆ ಎಲ್ಲ ನಿಂತಿತು ಎಂದೇ ಹೇಳಿದರು. ಹಿರಿಯರ ಸಮಾಧಿ, ಪೂಜೆಯ ಸನ್ನಿವೇಶ ಮುಂದಿಟ್ಟು ಕೇಳಿದಾಗ ದೊಡ್ಡವರಲ್ಲಿ 'ಉಳಿಯುತ್ತದೆ' ಎನ್ನುವವರು ಇನ್ನಷ್ಟು ಹೆಚ್ಚಿದರು. ಅಂದರೆ ಸತ್ತವರನ್ನು ಕಾಣುವ ಕಣ್ಣು ಹುಟ್ಟಿನಿಂದ ಬಂದು ಬೆಳೆಯುತ್ತಾ ಮಂಜಾಗುವುದಲ್ಲ. ಪೂಜೆ, ಎಡೆ, ಹಬ್ಬಗಳಲ್ಲಿ ಕೈಜೋಡಿಸುತ್ತಾ ನಿಧಾನವಾಗಿ ಕಲಿಯುವಂಥದ್ದು ಅದು. ಮಕ್ಕಳಿಗೆ ಕಂಡದ್ದು ದೊಡ್ಡವರಿಗೆ ಕಾಣದು ಎಂಬ ನಮ್ಮ ಎಣಿಕೆಯನ್ನು ಇದು ತಲೆಕೆಳಗು ಮಾಡುತ್ತದೆ.

ದೊಡ್ಡವರಿಗೆ ಕಾಣುತ್ತದೆಯೇ ಹಾಗಾದರೆ? ಕಾಣುತ್ತದೆ, ಬಹಳ ಜನಕ್ಕೆ. ವೇಲ್ಸ್‌ನ ಹಳ್ಳಿಗಾಡಿನ ವೈದ್ಯ ಡೀವಿ ರೀಸ್ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದ ವರದಿಯಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸತ್ತವರು ಹತ್ತಿರವೇ ಇದ್ದಾರೆ ಎನಿಸಿತ್ತು. ಕೆಲವರು ದನಿ ಕೇಳಿದ್ದರು, ಕೆಲವರು ಕಣ್ಣಾರೆ ಕಂಡಿದ್ದರು, ಮಾತಾಡಿಸಿದ್ದರು. ಬಹುತೇಕರು ಅದನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅದು ಹುಚ್ಚಲ್ಲ, ಕಾಯಿಲೆಯೂ ಅಲ್ಲ, ಐವತ್ತು ವರ್ಷ ಜೊತೆಗಿದ್ದವರು ಹೋದಾಗ ಮನಸ್ಸು ಹಾಗೆ ಮಾಡುತ್ತದೆ.

ಈಗ ಆ ಮೂಲೆಗೆ ಕೈ ಮುಗಿದ ಆಯಿಯ ಕಡೆ ನೋಡಿ. ಬೆಳಗಿನ ಜಾವ ಮುತ್ಯಾನ ಕೆಮ್ಮು ಅವಳಿಗೆ ಕೇಳಿಸಿರಬಹುದು. ಕಟ್ಟೆಯ ಮೇಲೆ ಊರುಗೋಲು ಇಟ್ಟ ಸಪ್ಪಳ ಕೇಳಿಸಿರಬಹುದು. ಹೇಳಿದರೆ ಮುದುಕಿಗೆ ಅರಳು ಮರಳು ಅನ್ನುತ್ತಾರೆ ಎಂದು ಸುಮ್ಮನಿದ್ದಾಳೆ. ಕೂಸು "ಮುತ್ಯಾ" ಅಂದ ಕೂಡಲೇ ಅವಳಿಗೆ ಒಬ್ಬ ಸಾಕ್ಷಿ ಸಿಕ್ಕ. ಅವಳ ಪ್ರಶ್ನೆಗಳೆಲ್ಲ ಕೂಸಿಗಲ್ಲ, ಗಂಡನಿಗೆ. ಸಿಟ್ಟಾಗ್ಯಾನೋ, ನಕ್ಕೋತ ಕುಂತಾನೋ ಎಂದು ಕೇಳಿದ್ದು ಇನ್ಯಾಕೆ?

ಬೆದರಿಕೆ ಶುರುವಾಗುವ ಜಾಗ

ಇಷ್ಟಕ್ಕೇ ನಿಂತರೆ ಯಾರಿಗೂ ನಷ್ಟವಿಲ್ಲ. ಅಜ್ಜಿಗೆ ಸಮಾಧಾನ, ಕೂಸಿಗೆ ಒಂದಿಷ್ಟು ಮುದ್ದು. ನದರ ತೆಗೆದು ಒಲೆಗೆ ಉಪ್ಪು ಮೆಣಸಿನಕಾಯಿ ಹಾಕಿದರೆ ಮನೆಯವರಿಗೆ ನಾಲ್ಕು ಕೆಮ್ಮು, ಅಷ್ಟೆ. ತೊಂದರೆ ಬರುವುದು ಮುತ್ಯಾ ಎಂಬ ಮಾತು ಜಾರಿ ದೆವ್ವ ಎಂಬ ಮಾತು ಬಂದಾಗ. ಕೂಸು ಅಳುವುದು ಹೆಚ್ಚಾಯಿತು, ಉಣ್ಣುವುದು ಬಿಟ್ಟಿತು, ರಾತ್ರಿ ಚೀರಿ ಏಳುತ್ತದೆ. ಆಗ ಹೇಳಿಕೆ ಕೇಳಲು ಹೋಗುತ್ತಾರೆ, ತಾಯತ ಕಟ್ಟಿಸುತ್ತಾರೆ, ಅಂಗಾರ ಹಚ್ಚಿಸುತ್ತಾರೆ. ಕೆಲವರು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದಾರಿ ಹಿಡಿಯುತ್ತಾರೆ. ಅಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರು ಕಂಬಕ್ಕೆ ಏರಿ ಚೀರುವುದನ್ನು ಕಂಡ ಮಗು ಮುಂದಿನ ಆರು ತಿಂಗಳು ನೆಟ್ಟಗೆ ನಿದ್ದೆ ಮಾಡೀತೇ?

ಮಕ್ಕಳನ್ನು ನಂಬಿಕೆಯ ಹೆಸರಲ್ಲಿ ಎಷ್ಟು ದೂರ ಎಳೆಯಬಹುದು ಎಂಬುದನ್ನು ನಮ್ಮ ಜಿಲ್ಲೆಯೇ ನಾಡಿಗೆ ತೋರಿಸಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ಗುಣವಾಗುತ್ತದೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದರು. ಹೂಳಿದವರು ಕಟುಕರಲ್ಲ, ಹೆತ್ತವರೇ. ಅದೇ ಚಳಿಗಾಲದಲ್ಲಿ, 2020ರ ಜನವರಿಯಲ್ಲಿ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ರಾಜ್ಯ ಕಾಯ್ದೆ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು ಇದರಡಿ ಅಪರಾಧ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷದ ಜೈಲು. ಮನೆಯ ಪೂಜೆ, ಹಬ್ಬ, ಹರಕೆಗೆ ಅದು ಅಡ್ಡ ಬರುವುದಿಲ್ಲ.

ಮಗುವಿಗೆ ದಿವ್ಯಶಕ್ತಿ ಇದೆಯೆಂದು ಮೆರೆಸುವುದೂ ಒಂದು ಬಗೆಯ ಹೊಡೆತವೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ರಚಿಸಿದ ಸಮಿತಿ, ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಪುಟ್ಟ ಹುಡುಗನ ಮನೆಗೆ ದಿಢೀರನೆ ಹೋಯಿತು. ವಿಭೂತಿ ಅವನು ತೊಟ್ಟ ಬಟ್ಟೆಯೊಳಗೇ ಇತ್ತು. ಏಳೆಂಟು ವರ್ಷದ ಹುಡುಗ ತಾನಾಗಿ ಆ ಏರ್ಪಾಟು ಮಾಡಿಕೊಂಡಿರಲಾರ. ಸಮಿತಿ ಬಂದುಹೋದ ಮೇಲೆ ಭಕ್ತರು ಬೇರೆಡೆ ಹೋಗಬಹುದು. ಅವನು ಅದೇ ಊರಿನ ಶಾಲೆಗೆ, ಅದೇ ಓಣಿಯ ಹುಡುಗರ ನಡುವೆ ಹೋಗಬೇಕಿತ್ತಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಕೂಸು ಹಾಗಂದಾಗ

ಮೊದಲ ಕೆಲಸ ದೇಹದ ಕಡೆ ನೋಡುವುದು. ಜ್ವರ ಏರಿದ ಮಗು ಇಲ್ಲದ್ದನ್ನು ಕಾಣುತ್ತದೆ, ಗಾಳಿಯಲ್ಲಿ ಕೈಯಾಡಿಸುತ್ತದೆ. ಉಮ್ಮತ್ತಿಯ ಬೀಜ ತಿಂದ ಮಗುವೂ ಹಾಗೇ ಮಾಡುತ್ತದೆ; ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಆ ಗಿಡ ಇದ್ದೇ ಇರುತ್ತದೆ, ತಡಮಾಡದೆ ದವಾಖಾನೆಗೆ ಒಯ್ಯಬೇಕು. ದಿನದಲ್ಲಿ ಹಲವು ಸಲ ಕೆಲವು ಸೆಕೆಂಡು ಎವೆಯಿಕ್ಕದೆ ಎಲ್ಲೋ ನೋಡುತ್ತಾ ನಿಂತು, ಕರೆದರೂ ಕೇಳಿಸದೆ, ಮತ್ತೆ ಏನೂ ಆಗದವರಂತೆ ಆಟಕ್ಕೆ ಮರಳುವ ಮಗುವಿಗೆ ಒಂದು ಬಗೆಯ ಫಿಟ್ಸ್ ಇರಬಹುದು. ಅದಕ್ಕೆ ಒಳ್ಳೆಯ ಔಷಧಿ ಇದೆ. ಮಲಗಿದ ಒಂದೆರಡು ಗಂಟೆಗೆ ಎದ್ದು ಕಣ್ಣು ತೆರೆದೇ ಚೀರಿ, ಯಾರ ಗುರುತೂ ಹಿಡಿಯದೆ, ಬೆಳಗ್ಗೆ ಏನೂ ನೆನಪಿಲ್ಲದೆ ಏಳುವುದು ಎಳೆಯರಲ್ಲಿ ಸಾಮಾನ್ಯವಾದ ನಿದ್ದೆಯ ತೊಂದರೆ. ಬೆಳೆಯುತ್ತಾ ತಾನಾಗಿ ಹೋಗುತ್ತದೆ. ಹಸುಗೂಸು ನಿದ್ದೆಯಲ್ಲಿ ನಗುವುದಂತೂ, ಸಟವಿ ತಾಯಿ ನಗಿಸುತ್ತಾಳೆ ಎನ್ನಿ, ನಿದ್ದೆಯ ಒಂದು ಹಂತದಲ್ಲಿ ಮುಖದ ಸ್ನಾಯು ಆಡುತ್ತದೆ ಎನ್ನಿ, ಎರಡರಲ್ಲೂ ಹೆದರುವಂಥದ್ದಿಲ್ಲ. ಖಣಿಯಲ್ಲಿ ಸಿಡಿಮದ್ದು ಹಾರಿಸಿದಾಗ ಹತ್ತಿರದ ಮನೆಗಳ ಭಾಂಡೆ ಸಪ್ಪಳಾಗುವುದನ್ನು ಮಗು ಯಾರೋ ಬಂದರೆಂದು ತಿಳಿದರೆ, ಕೈಹಿಡಿದು ಕರೆದೊಯ್ದು ಅಲುಗಾಡಿದ ತಾಟು ತೋರಿಸಿ.

ಆಮೇಲಿನದು ಮಾತು. ಮುತ್ಯಾ ಊರಿಗೆ ಹೋಗಿಲ್ಲ, ಮಲಗಿಲ್ಲ, ಸತ್ತಿದ್ದಾನೆ ಎಂದೇ ಹೇಳಬೇಕು. ಅವನ ಮೈ ಕೆಲಸ ನಿಲ್ಲಿಸಿತು, ಅವನಿಗೆ ಈಗ ನೋವಿಲ್ಲ, ಹಸಿವಿಲ್ಲ, ಅವನು ಇನ್ನು ಬರುವುದಿಲ್ಲ. ಒಮ್ಮೆ ಹೇಳಿದರೆ ಸಾಲದು, ಕೂಸು ಹತ್ತು ಸಲ ಕೇಳುತ್ತದೆ, ಹತ್ತು ಸಲವೂ ಅದೇ ಉತ್ತರ ಕೊಡಬೇಕು. "ಮುತ್ಯಾ ಕುಂತಾನ" ಅಂದಾಗ ಬೈಯಬೇಡಿ, ಬೆನ್ನುಹತ್ತಿ ವಿಚಾರಿಸಲೂ ಬೇಡಿ. "ಮುತ್ಯಾನ ನೆನಪಾತೇನು? ನನಗೂ ಆಗ್ತದ" ಎಂದರೆ ಸಾಕು. ಹೆಸರು ಹೊತ್ತ ಮೊಮ್ಮಗನಿಗೆ ಮುತ್ಯಾನ ಕಥೆ ಹೇಳಿ, ಆದರೆ ಅದು ಮುತ್ಯಾನ ಕಥೆಯಾಗಿಯೇ ಇರಲಿ. ಅವನಿಗೆ ಖಾರ ಬೇಡವೆಂದರೆ ಬೇಡ.

ಆಯಿಯ ನಂಬಿಕೆಯನ್ನು ಏನು ಮಾಡುವುದು? ಓದಿದ ಮೊಮ್ಮಕ್ಕಳು ಇಲ್ಲಿಯೇ ಎಡವುತ್ತಾರೆ. ಅವರಿಗೆ ಹೇಳುವ ಮಾತೊಂದು ನಮ್ಮ ಸೀಮೆಯ ಕಲ್ಲಿನ ಮೇಲೇ ಇದೆ. ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದ ಮೇಲೆ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಅಲ್ಲಿ ಸಿಕ್ಕಿದ್ದು 12ನೇ, 14ನೇ ಬಂಡೆ ಶಾಸನಗಳು ಮತ್ತು ಪ್ರತ್ಯೇಕ ಶಾಸನಗಳ ಪಾಠ. ಮಕ್ಕಳು ಹುಟ್ಟಿದಾಗ, ಕಾಯಿಲೆ ಬಂದಾಗ ಹೆಂಗಸರು ಮಾಡುವ ಶಾಸ್ತ್ರಗಳನ್ನು ಅಶೋಕ ಹುರುಳಿಲ್ಲದವೆಂದು ಟೀಕಿಸಿದ್ದು 9ನೇ ಶಾಸನದಲ್ಲಿ. ಅದು ಸನ್ನತಿಯಲ್ಲಿ ಸಿಕ್ಕಿಲ್ಲ. ಸಿಕ್ಕಿರುವ 12ನೆಯದು ಇನ್ನೊಬ್ಬರ ನಂಬಿಕೆಯ ಬಗ್ಗೆ ಆಡುವಾಗ ನಾಲಿಗೆ ಬಿಗಿಹಿಡಿಯಬೇಕು ಎನ್ನುತ್ತದೆ. ನಮ್ಮ ಕಡೆಯವರಿಗೆ ಬೇಕಾದದ್ದೇ ಉಳಿದಿದೆ ಎನಿಸುತ್ತದೆ. ಆಯಿ ಫೋಟೊದ ಮುಂದೆ ಎಡೆ ಇಡಲಿ, ಮಾತಾಡಲಿ. ಅವಳ ದುಃಖ ಅವಳದು. ಅವಳ ಹತ್ತಿರ ಕುಳಿತು ಕೇಳುವವರು ಮನೆಯಲ್ಲಿ ಒಬ್ಬರಿದ್ದರೆ ಅವಳು ಕೂಸನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಎರಡು ಮೂರು ತಿಂಗಳಾದರೂ ಮಗು ಉಣ್ಣದೆ, ಮಾತಾಡದೆ, ಒಬ್ಬರನ್ನೂ ಬಿಟ್ಟಿರದೆ ಇದ್ದರೆ, ಇಲ್ಲವೇ ಸತ್ತವರ ಹತ್ತಿರ ಹೋಗುತ್ತೇನೆ ಎನ್ನುತ್ತಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಟಿದೆ. ದೊಡ್ಡ ತಪಾಸಣೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲೂ ಹಿಂಜರಿಕೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.